ಮೂಗುತಿಗೆ ಹಾಲು ಆಗುವುದಿಲ್ಲ

ವಾರಿಜಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮದುವೆಯ ಮಾತುಕತೆಯ ದಿನವೇ ಅವಳ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ್ದರು. ಆ ಕೋಪದ ಜೊತೆ ಸಂಸಾರ ಮಾಡುವುದು ನನಗೆ ಕಷ್ಟವಾಗಲಿಲ್ಲ. ಕಷ್ಟ ಶುರುವಾದದ್ದು ಅದೇ ಮೂಗಿನ ಮೇಲೆ ಕೋಪಕ್ಕಿಂತ ಚುರುಕಾದ ಇನ್ನೊಂದು ವಸ್ತು ಬಂದು ಕೂತ ಮೇಲೆ. ಎಳ್ಳುಕಾಳಿನಷ್ಟು ಸಣ್ಣ ಮೂಗುತಿ ಅದು. ಸಂಜೆ ನಾನು ಡಿಪೊದಿಂದ ಬಂದು ಅಂಗಳಕ್ಕೆ ಕಾಲಿಟ್ಟರೆ ಸಾಕು, "ಅಲ್ಲೇ ನಿಲ್ಲಿ, ಮೂಗುತಿ ಬಿಸಿಯಾಯ್ತು" ಎಂದು ಜಗಲಿಯಿಂದಲೇ ಹೇಳುತ್ತಾಳೆ. ಗಂಡನನ್ನು ಕಂಡೊಡನೆ ಹೆಂಡತಿ ಬಿಸಿಯಾಗುವುದು ಲೋಕದಲ್ಲಿ ಹೊಸತಲ್ಲ. ಅದನ್ನು ಅಳೆದು ತೋರಿಸುವ ಯಂತ್ರ ಬಂದದ್ದು ಮಾತ್ರ ನಮ್ಮ ಮನೆಗೇ ಮೊದಲು.

ನಾನು ದೇರಣ್ಣ. ಸುಳ್ಯದ ಕಡೆ ಒಂದು ಹಾಲಿನ ಡಿಪೊ ನೋಡಿಕೊಳ್ಳುತ್ತೇನೆ. ಹಾಲು ಎಂದರೆ ರಬ್ಬರ್ ಮರದ ಹಾಲು. ಬೆಳಿಗ್ಗೆ ಮರ ಕೆತ್ತಿದವರು ಬಕೆಟಿನಲ್ಲಿ ತರುತ್ತಾರೆ, ನಾನು ಅದಕ್ಕೆ ಅಮೋನಿಯ ಬೆರೆಸಿ ಡ್ರಮ್ಮಿಗೆ ತುಂಬಿ ಕಳಿಸುತ್ತೇನೆ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರರ ಹೆಂಡತಿ ಒಮ್ಮೆ 'ಹಾಲು ಸಂಗ್ರಹ ಕೇಂದ್ರ' ಎಂಬ ಬೋರ್ಡು ಓದಿ ಸ್ಟೀಲಿನ ಕ್ಯಾನು ಹಿಡಿದು ಬಂದು, "ಎಮ್ಮೇದಾ, ಹಸೂದಾ?" ಎಂದು ಕೇಳಿದ್ದರು. "ಮರದ್ದು" ಎಂದೆ. ಆಕೆ ಮತ್ತೆ ಆ ದಾರಿಯಲ್ಲಿ ಬರಲಿಲ್ಲ.

ಪೆಟ್ರೋಲು ಬಂಕುಗಳೆಲ್ಲ ಚಹಾದಂಗಡಿಗಳಾದ ಮೇಲಿನ ಮಾತು ಇದು. ನೆಲದಡಿಯ ಎಣ್ಣೆಯನ್ನು ಇನ್ನು ಮುಟ್ಟುವುದಿಲ್ಲವೆಂದು ದೇಶದೇಶಗಳು ಆಣೆ ಮಾಡಿದವು. ಗಾಳಿ ಹಸನಾಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಅದೇ ಎಣ್ಣೆಯಿಂದ ತಯಾರಾಗುತ್ತಿದ್ದ ನೈಟ್ರೈಲ್ ಗ್ಲೋವ್ಸು, ಪ್ಲಾಸ್ಟಿಕ್ ಕೊಳವೆ, ಕೃತಕ ರಬ್ಬರು ಎಲ್ಲವೂ ಕೈಗೆಟುಕದಂತಾದವು. ಜಗತ್ತು ಮತ್ತೆ ಮರದ ಬುಡಕ್ಕೆ ಬಂತು. ಬಸ್ಸಿನ ಸೀಟು, ಚಪ್ಪಲಿ, ನೀರಿನ ಪೈಪು, ಮಕ್ಕಳ ಆಟಿಕೆ, ಡಾಕ್ಟರರ ಗ್ಲೋವ್ಸು, ಎಲ್ಲದಕ್ಕೂ ಹಾಲೇ ಬೇಕು. ನಮ್ಮ ಕಡೆಯವರಿಗೆ ಶುಕ್ರದೆಸೆ ತಿರುಗಿತು.

ಆದರೆ ಆ ಹಾಲಿನಲ್ಲಿ ಕೆಲವು ಪ್ರೋಟೀನುಗಳಿವೆ. ಹೆಚ್ಚಿನವರನ್ನು ಅವು ಏನೂ ಮಾಡುವುದಿಲ್ಲ. ಕೆಲವರ ದೇಹ ಮಾತ್ರ ಅವುಗಳನ್ನು ವೈರಿಯೆಂದು ಗುರುತಿಟ್ಟುಕೊಂಡು, ಮತ್ತೆ ಕಂಡಾಗಲೆಲ್ಲ ಯುದ್ಧಕ್ಕೆ ನಿಲ್ಲುತ್ತದೆ. ಮೊದಲು ಕೈ ತುರಿಕೆ, ಆಮೇಲೆ ಸೀನು, ಕಣ್ಣುರಿ. ಜೋರಾದರೆ ನಾಲಿಗೆ ಬೀಗಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಮನುಷ್ಯ ನೆಲಕ್ಕೆ ಬೀಳುತ್ತಾನೆ. ಮುಟ್ಟಿದಷ್ಟೂ ಅಲರ್ಜಿ ಹೆಚ್ಚುವ ಜಾತಿಯದು ಇದು. ಎಲ್ಲೆಲ್ಲೂ ರಬ್ಬರಾದ ಮೇಲೆ ಹತ್ತು ಜನರಲ್ಲಿ ಒಬ್ಬರಿಗೆ ಹೀಗಾಯಿತು. ಜನ ಹೇಗೋ ಹೊಂದಿಕೊಂಡರು. ಬಸ್ಸಿನ ಮುಂದಿನ ಸಾಲುಗಳಿಗೆ ತೆಂಗಿನ ನಾರಿನ ಸೀಟು ಬಂತು. ಮದುವೆ ಕಾಗದದಲ್ಲಿ 'ಆಶೀರ್ವಾದವೇ ಉಡುಗೊರೆ' ಎಂಬುದರ ಕೆಳಗೆ 'ಬಲೂನು ಕಟ್ಟುವುದಿಲ್ಲ' ಎಂದೂ ಅಚ್ಚಾಯಿತು. ಶಾಲೆಯಲ್ಲಿ ಪೆನ್ಸಿಲ್ ಗೆರೆ ಅಳಿಸಲು ಮಕ್ಕಳಿಗೆ ಬ್ರೆಡ್ಡಿನ ತುಂಡು ಕೊಟ್ಟರು. ಮಕ್ಕಳು ಅದನ್ನು ತಿಂದು ತಪ್ಪುಗಳನ್ನು ಹಾಗೇ ಬಿಟ್ಟರು.

ವಾರಿಜ ನಮ್ಮ ತಾಲ್ಲೂಕಿನ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನ ಹಿರಿಯ ನರ್ಸು. ಸರ್ಜನ್ ಬಾಯಿ ತೆರೆಯುವ ಮೊದಲೇ ಬೇಕಾದ ಕತ್ತರಿ ಅವರ ಕೈಯಲ್ಲಿರುತ್ತಿತ್ತಂತೆ. ಇದು ನಾನು ಹೇಳುವ ಮಾತಲ್ಲ, ಸರ್ಜನ್ ಸಲ್ದಾನ್ಹಾ ಡಾಕ್ಟರರು ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಹೇಳಿದ್ದು. ಅವಳ ಕೈ ತುರಿಸಲು ಶುರುವಾದಾಗ ಸಾಬೂನಿನ ತಪ್ಪು ಎಂದುಕೊಂಡೆವು. ಸೀನು ಬಂದಾಗ ಹವೆಯ ತಪ್ಪು ಎಂದೆವು. ಒಂದು ದಿನ ಥಿಯೇಟರಿನಲ್ಲಿ ಪಕ್ಕದವರು ಗ್ಲೋವ್ಸನ್ನು ಫಟ್ಟೆಂದು ಎಳೆದು ಬಿಚ್ಚಿದರು. ಗ್ಲೋವ್ಸು ಅಂಟಬಾರದೆಂದು ಅದಕ್ಕೆ ಹಿಟ್ಟಿನ ಪುಡಿ ಹಾಕಿರುತ್ತಾರೆ. ಹಾಲಿನ ಪ್ರೋಟೀನು ಆ ಪುಡಿಯ ಬೆನ್ನೇರಿ ಗಾಳಿಗೆ ಹಾರುತ್ತದೆ. ವಾರಿಜ ಅಲ್ಲೇ ಕುಸಿದಳು. ತೊಡೆಗೆ ಅಡ್ರಿನಲಿನ್ ಚುಚ್ಚಿ ಬದುಕಿಸಿದರು. ಮರುವಾರದಿಂದ ಅವಳಿಗೆ ಆಸ್ಪತ್ರೆಯ ಬಟ್ಟೆ ಕೋಣೆಯ ಉಸ್ತುವಾರಿ. ಅಲರ್ಜಿ ಇದ್ದವರು ಥಿಯೇಟರಿಗೆ ಕಾಲಿಡಬಾರದೆಂದು ನಿಯಮ ಬಂತು. ಇಡೀ ದಿನ ಅವಳು ದಿಂಬಿನ ಕವರು ಮಡಚುತ್ತ ಕೂತಳು. ನನ್ನ ಅನ್ನ ಕೊಡುವ ಹಾಲೇ ಅವಳ ಕೆಲಸ ಕಸಿದುಕೊಂಡಿತ್ತು.

ಅವಳು ಅಳಲಿಲ್ಲ. ಮೊದಲು ಮನೆ ಸ್ವಚ್ಛ ಮಾಡಿದಳು. ಚಪ್ಪಲಿ, ಬಿಸಿನೀರಿನ ಚೀಲ, ಕುಕ್ಕರಿನ ಹಳೇ ಉಂಗುರ, ಕರಿಬೇವಿನ ಕಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು, ನನ್ನ ಚಡ್ಡಿಯ ಎಲಾಸ್ಟಿಕ್ಕು ಎಲ್ಲ ಹೊರಗೆ ಹೋದವು. ಆ ಕಾಲದಿಂದ ನಾನು ಲಾಡಿ ಕಟ್ಟುವ ಮನುಷ್ಯ. ಬಾಳೆಹಣ್ಣು, ಪಪ್ಪಾಯಿ, ಹಲಸು ಕೂಡ ನಿಂತವು. ಅವುಗಳಲ್ಲಿ ರಬ್ಬರಿನ ಪ್ರೋಟೀನಿನ ದಾಯಾದಿಗಳಿದ್ದು ಅವಳ ದೇಹಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಲಸಿನ ಕಾಲದಲ್ಲಿ ಅವಳು ಬೀಜದ ಸಾರನ್ನೂ ಮುಟ್ಟದೆ, ನಾವು ತಿನ್ನುವುದನ್ನು ಸಾಕ್ಷಿಯ ಹಾಗೆ ನೋಡುತ್ತ ಕೂರುತ್ತಿದ್ದಳು. ನನಗೆ ಹಿತ್ತಲಿನಲ್ಲಿ ಬೇರೆ ಸ್ನಾನದ ಕೋಣೆ ಆಯಿತು. ಡಿಪೊದಿಂದ ಬಂದು ಅಲ್ಲಿ ಮಿಂದು, ಬಟ್ಟೆ ಬದಲಿಸಿಯೇ ಜಗಲಿಗೆ ಹತ್ತಬೇಕು. ಹತ್ತಿದ ಮೇಲೂ ಅವಳಿಗೆ ಮೂಗು ಕಡಿಯುತ್ತಿತ್ತು. ಹಾಗಾಗಿ ಜಗಲಿಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು.

ಮನೆಯ ಕೆಲಸ ಮುಗಿಸಿ ಅವಳು ಆಸ್ಪತ್ರೆಯ ಹಿಂದಿನ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ಝುಲೈಖಾ ಎಂಬ ಜೀವರಸಾಯನ ವಿಜ್ಞಾನಿ ಇದ್ದರು. ಉಳ್ಳಾಲದವರು, ಮಾತು ಕಡಿಮೆ, ಕೆಲಸ ಹೆಚ್ಚು. ಥಿಯೇಟರಿನ ಮಾಡಿಗೆ, ಅಂದರೆ ಚಾವಣಿಗೆ, ಅಂಟಿಸಿ ಗಾಳಿಯಲ್ಲಿರುವ ರಬ್ಬರ್ ಪ್ರೋಟೀನು ಹಿಡಿಯುವ ಕಣ್ಣುಗಳನ್ನು ಮಾಡಿದವರು ಅವರೇ.

ವಾರಿಜ ಅದನ್ನು ನೋಡಿ ಹೇಳಿದಳಂತೆ: "ಡಾಕ್ಟ್ರೇ, ಕಳ್ಳ ಬರುದು ಬಾಗಿಲಿಂದ. ಕಾವಲಿನವ ಅಟ್ಟದಲ್ಲಿ ಕೂತ್ರೆ ಎಂಥ ಪ್ರಯೋಜನ?"

"ಬಾಗಿಲು ಎಲ್ಲಿ ಸಿಸ್ಟರ್?"

ವಾರಿಜ ತನ್ನ ಮೂಗಿನ ಮೇಲೆ ಬೆರಳಿಟ್ಟಳು. ಮೂಗುತಿ ಹುಟ್ಟಿದ್ದು ಹೀಗೆ.

ಅದರ ಒಳಗಿನ ಕಥೆ ಸರಳ. ಹರಳಿನ ಜಾಗದಲ್ಲಿ ಒಂದು ಚಿಪ್ಪು, ಅದರ ಮೇಲೆ ಹಾಲಿನ ಪ್ರೋಟೀನನ್ನು ಮಾತ್ರ ಅಪ್ಪಿ ಹಿಡಿಯುವ ಅಣುಗಳ ಲೇಪ. ಉಸಿರಿನ ಜೊತೆ ಆ ಪ್ರೋಟೀನು ಬಂದು ಸಿಕ್ಕಿಕೊಂಡರೆ ಚಿಪ್ಪು ಬೆಚ್ಚಗಾಗುತ್ತದೆ. ಸ್ವಲ್ಪ ಬಂದರೆ ಬೆಚ್ಚಗೆ, ಹೆಚ್ಚು ಬಂದರೆ ಚುರ್ ಎನ್ನುವಷ್ಟು ಬಿಸಿ. ಅದೇ ಹೊತ್ತಿಗೆ ಆಸ್ಪತ್ರೆಯ ನಿಯಂತ್ರಣ ಕೋಣೆಗೂ ಸುದ್ದಿ ಹೋಗಿ, ಅಲ್ಲಿನ ಪರದೆಯ ಮೇಲೆ ಮೂಗುತಿ ತೊಟ್ಟವರ ಹಸಿರು ಚುಕ್ಕೆ ಕೆಂಪಾಗುತ್ತದೆ.

ಮಾಡಿದ್ದು ಮಾತ್ರ ಸರಳವಾಗಿರಲಿಲ್ಲ. ಮೊದಲ ಮೂಗುತಿ ಪ್ರತಿ ಶುಕ್ರವಾರ ಬಿಸಿಯಾಗುತ್ತಿತ್ತು. ಪ್ರಯೋಗಾಲಯದಲ್ಲಿ ರಬ್ಬರಿನ ಒಂದು ಚೂರೂ ಇರಲಿಲ್ಲ. ಝುಲೈಖಾ ಗೋಡೆಯ ಬಣ್ಣ ಕೆರೆಸಿದರು, ಫ್ಯಾನು ಬದಲಿಸಿದರು. ಕೊನೆಗೆ ವಾರಿಜ ಪಕ್ಕದ ಮೇಜಿನ ಹುಡುಗಿಯ ಜಡೆ ನೋಡಿದಳು. ಶುಕ್ರವಾರ ಆಕೆ ಮಲ್ಲಿಗೆ ಮುಡಿದು ಬರುತ್ತಿದ್ದಳು. ಮಲ್ಲಿಗೆಯ ತಪ್ಪಲ್ಲ, ಅದನ್ನು ಕಟ್ಟಿದ ಬಾಳೆಯ ನಾರಿನದು. ಹಣ್ಣಿನಲ್ಲಿದ್ದ ದಾಯಾದಿ ನಾರಿನಲ್ಲೂ ಇದ್ದ.

"ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ?" ಎಂದು ವಾರಿಜ ಕೇಳಿದಳು.

"ಸರಿ ಮಾಡುದು ಎಂಥದ್ದು? ಬಾಳೆ ನಿಮ್ಗೂ ಆಗುದಿಲ್ಲ, ಇದಕ್ಕೂ ಆಗುದಿಲ್ಲ. ನಿಮ್ಮ ಮೈಯ ಹಾಗೆಯೇ ಯೋಚನೆ ಮಾಡ್ತಾ ಉಂಟು. ಇರ್ಲಿ ಬಿಡಿ" ಎಂದರು ಝುಲೈಖಾ. "ಬಾಳೆಯ ಬಿಸಿ ಯಾವುದು, ಹಾಲಿನ ಬಿಸಿ ಯಾವುದು ಅಂತ ನೀವು ಕಲೀರಿ."

ವಾರಿಜ ಕಲಿತಳು. ಸೊಂಟದಲ್ಲಿ ಅಡ್ರಿನಲಿನ್ ಸೂಜಿ ಸಿಕ್ಕಿಸಿಕೊಂಡು, ಪುಡಿ ತುಂಬಿದ ಸೀಸೆಗಳ ಮುಂದೆ ಕೂತು, ಕಣ್ಣು ಮುಚ್ಚಿ ಮೂಗಿನಿಂದ ಕಲಿತಳು. ಬಾಳೆಯದು ಮೆಲ್ಲಗೆ ಏರುವ ಬೆಚ್ಚು, ಹಾಲಿನದು ಒಮ್ಮೆಲೇ ಚುಚ್ಚುವ ಬಿಸಿ. ಒಂದೆರಡು ಸಲ ತುಟಿ ಬೀಗಿಸಿಕೊಂಡು ಮನೆಗೆ ಬಂದದ್ದೂ ಉಂಟು. ಬೇಡವೆಂದರೆ ಕೇಳುವ ಹೆಂಗಸಲ್ಲ. ನಾನು ಸುಮ್ಮನೆ ಮೆಚ್ಚಿಕೊಂಡು ಕೂತೆ, ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಆದರೆ ಮೂಗುತಿ ಇದ್ದರೆ ಸಾಲದು, ನಿಯಮ ಬದಲಾಗಬೇಕಿತ್ತು. ಬೆಂಗಳೂರಿನಿಂದ ಪರೀಕ್ಷಾ ಸಮಿತಿ ಬರಲು ಒಪ್ಪಿತು. ಮೂರನೇ ಥಿಯೇಟರನ್ನು ರಬ್ಬರಿಲ್ಲದ ಕೋಣೆಯಾಗಿ ಸಜ್ಜು ಮಾಡಬೇಕು, ವಾರಿಜ ಅದರೊಳಗೆ ನಿಲ್ಲಬೇಕು, ಅವಳಿಗೆ ಹೊತ್ತು ತಿಳಿಸದೆ ರಬ್ಬರನ್ನು ಹತ್ತಿರ ತಂದಾಗ ಮಾಡಿನ ಕಣ್ಣಿಗಿಂತ ಮೊದಲು ಮೂಗುತಿ ಹೇಳಬೇಕು. ಗೆದ್ದರೆ ಅವಳು, ಅವಳ ಹಾಗೆ ಹೊರಬಿದ್ದ ನರ್ಸುಗಳು ಎಲ್ಲರೂ ಥಿಯೇಟರಿಗೆ ಮರಳಬಹುದು. ಪರೀಕ್ಷೆ ನಡೆಯದೆ ಹೋದರೆ ಸಮಿತಿ ಮತ್ತೆ ಬರುವುದಿಲ್ಲ, ಬಟ್ಟೆ ಕೋಣೆಯ ಹುದ್ದೆಯೇ ಕಾಯಂ. ಇದನ್ನು ಪತ್ರದಲ್ಲೇ ಸ್ಪಷ್ಟ ಬರೆದಿದ್ದರು.

ಹತ್ತಿರ ತರಬೇಕಾದ ರಬ್ಬರು ಯಾವುದೆಂದು ಚರ್ಚೆಯಾಯಿತು. ಝುಲೈಖಾ ನನ್ನ ಕಡೆ ನೋಡಿದರು. ಡಿಪೊದ ಅಂಗಿ ತೊಟ್ಟ ನಾನು ಥಿಯೇಟರಿನ ಹೊರಗಿನ ಓಣಿಯಲ್ಲಿ ನಡೆದರೆ ಸಾಕಂತೆ. ಹೀಗೆ ಹೆಂಡತಿಯ ಪರೀಕ್ಷೆಗೆ ನಾನೇ ವಿಷವಾದೆ. ನಮ್ಮ ಸಂಬಂಧಿಕರಲ್ಲಿ ಕೆಲವರು ಇದನ್ನು ಮೊದಲೇ ಹೇಳಿದ್ದರು.

ಆ ಬೆಳಿಗ್ಗೆ ನನ್ನ ಅಂಗಿಯ ಮೇಲೊಂದು ಗಾಳಿಯಾಡದ ನಿಲುವಂಗಿ ತೊಡಿಸಿ, ನಿಯಂತ್ರಣ ಕೋಣೆಯಲ್ಲಿ ಕೂರಿಸಿದರು. ಎದುರಿಗೆ ದೊಡ್ಡ ಪರದೆ, ಅದರ ಅರ್ಧದಲ್ಲಿ ಓಣಿಯ ಮತ್ತು ಥಿಯೇಟರಿನ ಕ್ಯಾಮೆರಾ ಚಿತ್ರ, ಇನ್ನರ್ಧದಲ್ಲಿ ನಕ್ಷೆ. ಮೂರನೇ ಥಿಯೇಟರು, ಅದರ ಮಾಡಿನ ಕಣ್ಣುಗಳ ಹಸಿರು ಚುಕ್ಕೆಗಳು, ವಾರ್ಡಿನ ಓಣಿಯಲ್ಲಿ ನಡೆದು ಬರುತ್ತಿರುವ ವಾರಿಜಳ ಹಸಿರು ಚುಕ್ಕೆ. ಪಕ್ಕದಲ್ಲಿ ಝುಲೈಖಾ. ಇನ್ನೊಂದು ಕುರ್ಚಿಯಲ್ಲಿ ಸಮಿತಿಯ ಮುಖ್ಯಸ್ಥೆ, ಧಾರವಾಡ ಕಡೆಯ ಅನಸೂಯಾ ಹಂಪಿಹೊಳಿ. ಇಳಕಲ್ ಸೀರೆ, ದಪ್ಪ ಕನ್ನಡಕ, ನಗುವಿಗೆ ರಜೆ ಕೊಟ್ಟ ಮುಖ.

"ಹೂವಿಗೂ ಬಿಸಿ ಆಗ್ತದಂತಲ್ರೀ ನಿಮ್ಮ ಮೂಗುತಿ?" ಎಂದು ಅವರು ಝುಲೈಖಾರನ್ನು ಕೇಳಿದರು.

"ಬಾಳೆ ನಾರಿಗೆ ಮೇಡಂ. ಅದರ ಬಿಸಿ ಬೇರೆ."

"ನೋಡೂಣ" ಎಂದರು ಅವರು. ಆ 'ನೋಡೂಣ' ನನಗೆ ಇಷ್ಟವಾಗಲಿಲ್ಲ.

ಅಷ್ಟರಲ್ಲಿ ಪರದೆಯಲ್ಲಿ ವಾರಿಜಳ ಚುಕ್ಕೆ ಓಣಿಯ ನಡುವೆ ನಿಂತಿತು. ಅಲ್ಲಿ ಒಂದು ಸ್ಟ್ರೆಚರ್ ಇತ್ತು. ಕಡಬದ ಕಡೆಯಿಂದ ಹಿಂದಿನ ದಿನ ತಂದ ಕಮಲಾಕ್ಷಿ ಎಂಬ ಹೆಂಗಸು. ಅಪೆಂಡಿಕ್ಸ್ ಒಡೆದಿದೆ, ಎರಡನೇ ಥಿಯೇಟರಿಗೆ ಒಯ್ಯುತ್ತಿದ್ದಾರೆ, ತಡವಾದರೆ ಜೀವಕ್ಕೆ ಅಪಾಯ. ಸ್ಟ್ರೆಚರಿಗೆ 'ಹಾಲು ಬೇಡ' ಎಂಬ ಚೀಟಿ ನೇತಾಡುತ್ತಿತ್ತು. ಕಮಲಾಕ್ಷಿಯ ಮಗಳು ತನ್ವಿ ಅದನ್ನು ಹಿಡಿದು ವಾರಿಜಳ ಹತ್ತಿರ ಸಿಡುಕುತ್ತಿದ್ದಳು. ವಾರಿಜಳ ಕಾಲರಿನ ಮೈಕಿನಿಂದ ಎಲ್ಲ ನಮಗೆ ಕೇಳುತ್ತಿತ್ತು.

"ನಿನ್ನೆ ಅಮ್ಮ ಒಂದು ಲೋಟ ಮಜ್ಜಿಗೆ ಕೇಳಿದ್ದು ಸಿಸ್ಟರ್. ನಿಮ್ಮವ್ರು ಕೊಡ್ಲೇ ಇಲ್ಲ. ಹಾಲು ಆಗುದಿಲ್ಲ ಅಂತ ಬರ್ದಿದೆಯಂತೆ. ನಮ್ಮಲ್ಲಿ ಎರಡು ಎಮ್ಮೆ ಉಂಟು, ಅಮ್ಮನೇ ಕರೆಯುದು, ಅಮ್ಮನೇ ಕುಡಿಯುದು."

"ಹಾಲು ಆಗುದಿಲ್ಲ ಅಂತ ಹೇಳಿದ್ದು ಯಾರು?"

"ಅಮ್ಮನೇ. ಆ ಮಾತಾಡುವ ಪೆಟ್ಟಿಗೆಗೆ."

ಆಸ್ಪತ್ರೆಗೆ ಬಂದವರನ್ನು ಮೊದಲು ವಿಚಾರಿಸುವುದು ಬಾಗಿಲ ಹತ್ತಿರದ ಒಂದು ಪೆಟ್ಟಿಗೆ. ಸಿಹಿ ದನಿ, ಶುದ್ಧ ಕನ್ನಡ, ರಾಜ್ಯಕ್ಕೆಲ್ಲ ಒಂದೇ. ಹೇಳಿದ್ದನ್ನು ಕೇಳಿ ತಾನೇ ಬರೆದುಕೊಳ್ಳುತ್ತದೆ.

ವಾರಿಜ ಸ್ಟ್ರೆಚರಿನ ಮೇಲೆ ಬಾಗಿದಳು. "ಅಕ್ಕ, ನಿಮ್ಗೆ ಯಾವ ಹಾಲು ಆಗುದಿಲ್ಲ?"

ಕಮಲಾಕ್ಷಿಗೆ ನೋವಿನಲ್ಲಿ ಮಾತು ಹೊರಡುತ್ತಿರಲಿಲ್ಲ. "ತೋಟದ್ದು" ಎಂದಳು. "ಕೈ ಬೀಗ್ತದೆ. ಉಸ್ರು ಕಟ್ತದೆ. ಕೆತ್ತುದು ಬಿಟ್ಟೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಂಪಿಹೊಳಿ ಮೇಡಂ ನನ್ನನ್ನೂ ಪರದೆಯನ್ನೂ ನೋಡಿದರು. "ಯಾಕ್ರಿ? ಹಾಲು ಅಂದ್ರ ಹಾಲು. ಅದರಾಗ ಏನೈತಿ?"

"ಮೇಡಂ, ನಮ್ಮಲ್ಲಿ ಹಾಲು ಅಂದ್ರೆ ರಬ್ಬರು ಕೂಡ" ಎಂದೆ. "ಆ ಹೆಂಗಸು ಹೇಳಿದ್ದು ಅದು. ಪೆಟ್ಟಿಗೆ ಬರೆದದ್ದು ಎಮ್ಮೆಯದ್ದು. ಎರಡನೇ ಥಿಯೇಟರಲ್ಲಿ ಎಲ್ಲ ಗ್ಲೋವ್ಸೂ ಹಾಲಿನದ್ದೇ."

ಅವರ ಮುಖದ ಬಣ್ಣ ಇಳಿಯಿತು. ಅವರು ಬುದ್ಧಿವಂತೆ, ಎರಡನೇ ಸಲ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ವಾರಿಜ ಸಲ್ದಾನ್ಹಾ ಡಾಕ್ಟರರನ್ನು ಹಿಡಿದು ನಿಲ್ಲಿಸಿದ್ದಳು. "ಡಾಕ್ಟ್ರೇ, ಇವರಿಗೆ ರಬ್ಬರಿನ ಅಲರ್ಜಿ. ಎರಡಕ್ಕೆ ಬೇಡ, ಮೂರಕ್ಕೆ ತಗೊಳ್ಳಿ."

"ಮೂರರಲ್ಲಿ ನಿಮ್ಮ ಪರೀಕ್ಷೆ ಉಂಟಲ್ಲ ಸಿಸ್ಟರ್. ಸಮಿತಿ ಬಂದು ಕೂತಿದೆ. ಅದು ಹೋದ್ರೆ ಮತ್ತೆ ಬರುದಿಲ್ಲ."

"ಸಮಿತಿಗೆ ಅಪೆಂಡಿಕ್ಸ್ ಒಡೆದಿಲ್ಲ. ನಡೀರಿ."

ಇಷ್ಟೇ ಮಾತು. ಅವಳಿಗೆ ಆ ಕ್ಷಣದಲ್ಲಿ ಬಟ್ಟೆ ಕೋಣೆ ನೆನಪಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ನೆನಪಾಯಿತು. ಅವಳು ಮಡಚಿದ ದಿಂಬಿನ ಕವರುಗಳೆಲ್ಲ ಕಣ್ಣ ಮುಂದೆ ಬಂದವು.

ಥಿಯೇಟರ್ ಮೂರರಲ್ಲಿ ಗಡಿಬಿಡಿ ಶುರುವಾಯಿತು. ಎರಡರಲ್ಲಿ ಸಿದ್ಧವಾಗಿದ್ದ ತಂಡದವರೆಲ್ಲ ಕೈ ತೊಳೆದು, ಬಟ್ಟೆ ಬದಲಿಸಿ, ಪರೀಕ್ಷೆಗೆಂದು ದುಬಾರಿ ಕೊಟ್ಟು ತರಿಸಿದ್ದ ನೈಟ್ರೈಲ್ ಗ್ಲೋವ್ಸು ತೊಟ್ಟು ಬಂದರು. ಚಪ್ಪಲಿ ಹೊರಗೆ, ಮರದ ಹಾವುಗೆ ಒಳಗೆ. ಪರೀಕ್ಷೆಗೆಂದು ಜೋಡಿಸಿಟ್ಟ ಸಾಮಾನಿನಲ್ಲಿ ಆಪರೇಷನ್ನಿಗೆ ಬೇಕಾದದ್ದೆಲ್ಲ ಇರಲಿಲ್ಲ. ಇಲ್ಲದ್ದನ್ನು ಉಗ್ರಾಣದಿಂದ ಓಡಿ ತಂದರು. ವಾರಿಜ ಫೋನಿನಲ್ಲಿ ಬಂದು, "ನೀವು ಅಲ್ಲಿಂದ ಏಳ್ಬೇಡಿ. ಬಾಗಿಲು ತೆಗೀಬೇಡಿ" ಎಂದಳು. ನನಗೇ ಹೇಳಿದ್ದು. ನಿಯಮದ ಪ್ರಕಾರ ಆಪರೇಷನ್ ನಡೆಯುವಾಗ ಅವಳೂ ಒಳಗಿರಬಾರದಿತ್ತು.

ಹಂಪಿಹೊಳಿ ಮೇಡಂ ಮೈಕಿಗೆ ಬಾಗಿ, "ಸಿಸ್ಟರ್, ನೀವು ಹೊರಗ ಬರ್ರಿ. ಮಾಡಿನ ಕಣ್ಣು ಸಾಕು" ಎಂದರು.

"ಕಾವಲು ಅಟ್ಟದಲ್ಲಿ ಉಂಟು ಮೇಡಂ, ಬಾಗಿಲಲ್ಲಿ ಇಲ್ಲ" ಎಂದಳು ವಾರಿಜ. ಹೊರಗೆ ಬರಲಿಲ್ಲ.

ಕಮಲಾಕ್ಷಿಗೆ ಅರಿವಳಿಕೆ ಕೊಟ್ಟಾಯಿತು. ವಾರಿಜ ಅವಳ ತಲೆಯ ಹತ್ತಿರ, ಅವಳ ಉಸಿರಿಗೆ ತನ್ನ ಉಸಿರು ತಾಗುವಷ್ಟು ಹತ್ತಿರ ನಿಂತಿದ್ದಳು. ಮಾಡಿನ ಚುಕ್ಕೆಗಳೆಲ್ಲ ಹಸಿರು. ವಾರಿಜಳದೂ ಹಸಿರು. ಒಬ್ಬ ನರ್ಸು ಟ್ರಾಲಿಯ ಮೇಲೆ ಒಂದು ಪೊಟ್ಟಣ ಒಡೆದಳು.

ವಾರಿಜಳ ಚುಕ್ಕೆ ಕೆಂಪಾಯಿತು.

ಅವಳು ಕೈ ಎತ್ತಿದಳು. "ನಿಲ್ಲಿ. ಹಾಲು ಉಂಟು."

ಎಲ್ಲರೂ ನಿಂತರು. ಮೇಡಂ ಪರದೆ ನೋಡಿದರು. ಮಾಡಿನ ಚುಕ್ಕೆಗಳು ಇನ್ನೂ ಹಸಿರಾಗಿಯೇ ಇದ್ದವು. "ಯಾರರ ಹೂ ಮುಡಿದಾರೇನು ನೋಡ್ರಿ" ಎಂದರು.

"ಇದು ಬಾಳೆ ಅಲ್ಲ" ಎಂದಳು ವಾರಿಜ. ದನಿ ಸ್ವಲ್ಪ ದಪ್ಪವಾಗಿತ್ತು. ತುಟಿ ಬೀಗುತ್ತಿದೆ ಎಂದು ನನಗೆ ತಿಳಿಯಿತು. "ಈಗ ಒಡೆದದ್ದು ಎಂಥ?"

"ಕ್ಯಾಥೆಟರ್ ಸಿಸ್ಟರ್, ಮೂತ್ರದ ಕೊಳವೆ. ಸಿಲಿಕೋನಿನದ್ದೇ, ಇಲ್ಲಿ ಬರ್ದಿದೆ ನೋಡಿ."

ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಸಿಲಿಕೋನ್ ಎಂದೇ ಇತ್ತು. ಸಿಲಿಕೋನಿನಲ್ಲಿ ಮರದ ಹಾಲಿಲ್ಲ, ಅಲರ್ಜಿ ಇದ್ದವರಿಗೆ ಅದೇ ಬೇಕು. ಸಲ್ದಾನ್ಹಾ ಡಾಕ್ಟರರು ಗಡಿಯಾರ ನೋಡಿದರು. ವಾರಿಜ ಕೊಳವೆಯನ್ನು ಚಿಮಟದಲ್ಲಿ ಎತ್ತಿ ಮೂಗಿನ ಹತ್ತಿರ ತಂದಳು. ನಂಜು ಕಂಡವರು ಹಿಂದೆ ಸರಿಯುತ್ತಾರೆ, ಇವಳು ಮೂಗಿಗೇ ತಂದಳು. ಮರುಕ್ಷಣ ಅದನ್ನು ಮುಚ್ಚಳದ ಡಬ್ಬಿಗೆ ಹಾಕಿ, "ಕತ್ತರಿಸಿ ನೋಡಿ, ಹೊರಗೆ" ಎಂದಳು. ಹೊರಗಿನ ಓಣಿಯಲ್ಲಿ ಒಬ್ಬರು ಕತ್ತರಿಸಿದರು. ಮೇಲೆ ತೆಳುವಾದ ಸಿಲಿಕೋನಿನ ಲೇಪ, ಒಳಗೆಲ್ಲ ಹಾಲು. ಪೊಟ್ಟಣದ ಮೂಲೆಯಲ್ಲಿ, ಇರುವೆ ಓದಬೇಕಾದ ಅಕ್ಷರದಲ್ಲಿ, 'ಸಿಲಿಕೋನ್ ಲೇಪಿತ' ಎಂದಿತ್ತು.

"ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು" ಎಂದರು ಝುಲೈಖಾ ಮೆಲ್ಲಗೆ. "ಇಲ್ಲಿ ಉಲ್ಟಾ."

ಪೂರ್ತಿ ಸಿಲಿಕೋನಿನ ಕೊಳವೆ ಹುಡುಕಿ ತಂದರು. ವಾರಿಜಳ ಚುಕ್ಕೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯಿತು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಮಾಡಿನ ಒಂದು ಕಣ್ಣು ಕೆಂಪಾಗಿ ಎಚ್ಚರಿಕೆಯ ಗಂಟೆ ಬಾರಿಸಿತು. ಕಳ್ಳ ಓಡಿ ಹೋದ ಮೇಲೆ ಅಟ್ಟದವನಿಗೆ ಎಚ್ಚರವಾಗಿತ್ತು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಷ್ಟಕ್ಕೆ ಅವರು ಕಮಲಾಕ್ಷಿಯ ಹೊಟ್ಟೆ ತೆರೆಯುತ್ತಿದ್ದರು. ವಾರಿಜ ಬಾಗಿಲಿಗೆ ಒರಗಿ ತೊಡೆಗೆ ತಾನೇ ಸೂಜಿ ಚುಚ್ಚಿಕೊಂಡಳು, ಇನ್ನೊಬ್ಬ ನರ್ಸು ಬರುವ ತನಕ ರೋಗಿಯಿಂದ ಕಣ್ಣು ಕೀಳಲಿಲ್ಲ.

ನಾನು ಅತ್ತೆ. ಗಾಳಿಯಾಡದ ನಿಲುವಂಗಿಯೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲವೆಂದು ಆ ದಿನ ತಿಳಿಯಿತು.

ಸಮಿತಿಯವರೊಬ್ಬರು ಒಳಗೆ ಬಂದು, "ಮೇಡಂ, ಪರೀಕ್ಷೆ ಯಾವಾಗ ಇಟ್ಟುಕೊಳ್ಳೋಣ?" ಎಂದು ಕೇಳಿದರು.

"ಮುಗೀತಲ್ರಿ" ಎಂದರು ಹಂಪಿಹೊಳಿ ಮೇಡಂ. "ನೀವು ಚಾ ಕುಡ್ಯಾಕ ಹೋಗಿದ್ರಿ." ಆಮೇಲೆ ನನ್ನ ಕಡೆ ತಿರುಗಿ, "ಅವರನ್ನ ಬಟ್ಟೆ ಕೋಣ್ಯಾಗ ಕೂಡಿಸಿದ ನಿಯಮಕ್ಕ ನಾನೂ ಸಹಿ ಮಾಡೀನ್ರಿ. ನಾಳೆ ಅದನ್ನ ನಾನ ಅಳಿಸ್ತೀನಿ" ಎಂದರು. ಮಾತಿಗೆ ತಕ್ಕಂತೆ ನಡೆದರು. ಮಾತಾಡುವ ಪೆಟ್ಟಿಗೆಯನ್ನೂ ತಿದ್ದಿಸಿದರು. ಈಗ ರಾಜ್ಯದ ಯಾವ ಆಸ್ಪತ್ರೆಯಲ್ಲಾದರೂ ಯಾರಾದರೂ ಹಾಲು ಆಗುವುದಿಲ್ಲ ಎಂದರೆ, ಅದು ಅದೇ ಸಿಹಿ ದನಿಯಲ್ಲಿ, "ಯಾವ ಹಾಲು? ಹಸುವಿನದೋ, ಮರದ್ದೋ?" ಎಂದು ಕೇಳುತ್ತದೆ. ಬೀದರಿನ ಜನ ತಲೆ ಕೆರೆದುಕೊಳ್ಳುತ್ತಾರಂತೆ.

ಕಮಲಾಕ್ಷಿ ಚೇತರಿಸಿಕೊಂಡ ಮೇಲೆ ಮೊದಲು ಕೇಳಿದ್ದು ಮಜ್ಜಿಗೆ. ಎರಡನೆಯದಾಗಿ ವಾರಿಜಳ ಮುಖ ನೋಡಿ, "ಮೂಗುತಿ ಚಂದ ಉಂಟು. ಎಲ್ಲಿ ಮಾಡ್ಸಿದ್ದು?" ಎಂದಳು. ಈಗ ಅವಳ ಮೂಗಿನ ಮೇಲೂ ಒಂದು ಇದೆ.

ಇನ್ನು ನನ್ನ ಕಥೆ. ವಾರಿಜ ಥಿಯೇಟರಿಗೆ ಮರಳುವ ದಿನ ಹತ್ತಿರ ಬಂದಂತೆ ನನಗೆ ಒಂದು ಯೋಚನೆ ಕಾಡತೊಡಗಿತು. ಹಾಲು ತರುವವನು ನಾನು. ಅದು ಬಂದದ್ದನ್ನು ಮೂಗು ಸುಟ್ಟುಕೊಂಡು ಹೇಳಬೇಕಾದವಳು ಅವಳು. ಇದು ಯಾವ ಊರಿನ ನ್ಯಾಯ? ಝುಲೈಖಾರ ಹತ್ತಿರ ಹೋಗಿ ನನಗೂ ಒಂದು ಬೇಕೆಂದೆ.

"ನಿಮ್ಗೆ ಅಲರ್ಜಿ ಇಲ್ಲವಲ್ಲ."

"ಹೆಂಡತಿಗೆ ಉಂಟು."

ಅವರು ನನ್ನ ಬೆರಳುಗಳನ್ನು ನೋಡಿದರು. "ಗಂಡಸ್ರಿಗೆ ಉಂಗುರದಲ್ಲಿ ಮಾಡಿ ಕೊಡ್ಬಹುದು."

"ಬಾಗಿಲು ಬೆರಳಿನಲ್ಲಿ ಇಲ್ಲವಲ್ಲ ಡಾಕ್ಟ್ರೇ" ಎಂದೆ.

ಪೇಟೆಯ ಆಚಾರಿ ನನ್ನ ಮೂಗು ಚುಚ್ಚುವ ಮೊದಲು, "ಎಡವೋ ಬಲವೋ ದೇರಣ್ಣ?" ಎಂದು ಕೇಳಿ ನಕ್ಕ. ಡಿಪೊದಲ್ಲಿ ಹಾಲು ತಂದವರೆಲ್ಲ ನಕ್ಕರು. ಒಬ್ಬ, "ಬಳೆ ಯಾವಾಗ?" ಎಂದ. ನಗಲಿ ಎಂದು ಬಿಟ್ಟೆ. ಅಲ್ಲಿ ಇಡೀ ದಿನ ನನ್ನ ಮೂಗು ಚುರುಗುಟ್ಟುತ್ತಿತ್ತು. ವಾರಿಜ ಪ್ರತಿ ಸಂಜೆ ಅನುಭವಿಸಿದ್ದರ ರುಚಿ ನನಗೆ ಆ ದಿನ ಸಿಕ್ಕಿತು.

ಸಂಜೆ ಹಿತ್ತಲಿನ ಕೋಣೆಯಲ್ಲಿ ಮಿಂದೆ. ಬಿಸಿ ಇಳಿಯಿತು, ಮೂಗುತಿ ತಣ್ಣಗಾಯಿತು. ಗೂಟದಿಂದ ನನ್ನ ಹೆಗಲ ಟವೆಲು, ಬೈರಾಸು, ತೆಗೆದು ಮುಖ ಒರೆಸಿಕೊಂಡೆ. ಮೂಗುತಿ ಚುರ್ ಎಂದಿತು.

ಬೈರಾಸನ್ನು ಕೈಯಲ್ಲಿ ಹಿಡಿದು ನಿಂತೆ. ಬೆಳಿಗ್ಗೆ ಹೆಗಲಿಗೆ ಹಾಕಿಕೊಂಡು ಡಿಪೊಗೆ ಹೋಗುವುದು ಇದನ್ನೇ. ಬೆವರು ಒರೆಸುವುದು, ಬಕೆಟಿನ ಹಿಡಿ ಸುತ್ತುವುದು ಇದರಲ್ಲೇ. ಸಂಜೆ ಅದನ್ನೇ ತಂದು ಇಲ್ಲಿನ ಗೂಟಕ್ಕೆ ಹಾಕುತ್ತೇನೆ. ಹೆಗಲ ಮೇಲೆ ಬೈರಾಸು ಇಲ್ಲದೆ ನಮ್ಮ ಕಡೆಯ ಗಂಡಸು ಹೊಸ್ತಿಲು ದಾಟುವುದಿಲ್ಲ. ಅದು ಬಟ್ಟೆಯೆಂದೇ ಯಾರೂ ಎಣಿಸುವುದಿಲ್ಲ, ಮೈಯ ಭಾಗ ಎಂದುಕೊಂಡಿರುತ್ತೇವೆ. ಇಷ್ಟು ವರ್ಷ ಅಂಗಿ ಬದಲಿಸಿದೆ, ಲುಂಗಿ ಬದಲಿಸಿದೆ, ಚೆನ್ನಾಗಿ ಮಿಂದೆ, ಮಿಂದ ಮೈಗೆ ಅದೇ ಹಾಲನ್ನು ಮತ್ತೆ ಒರೆಸಿಕೊಂಡೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು ನನ್ನ ಸ್ನಾನ.

ಮತ್ತೊಮ್ಮೆ ಮಿಂದೆ. ಒಳಗಿನ ಹಗ್ಗದಿಂದ ಒಗೆದ ಪಂಚೆಯೊಂದನ್ನು ಎಳೆದು ಒರೆಸಿಕೊಂಡು, ಜಗಲಿಗೆ ಹತ್ತಿದೆ. ವಾರಿಜ ಆ ತುದಿಯಲ್ಲಿ ಕೂತು ಮರುದಿನದ ಥಿಯೇಟರ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತಿ ನನ್ನ ಮೂಗು ನೋಡಿದಳು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಎಂಥ ಅವತಾರ ಇದು?"

"ಕಾವಲು" ಎಂದೆ. ಈ ತುದಿಯಲ್ಲಿ ಕೂರದೆ ನಡೆದುಕೊಂಡು ಹೋದೆ. ಅವಳು ಅಭ್ಯಾಸದಿಂದ ಕೈ ಎತ್ತಿ ತಡೆಯಲು ಹೋದವಳು ಅರ್ಧದಲ್ಲಿ ನಿಲ್ಲಿಸಿದಳು. ಮೂಗಿನ ಮೇಲೆ ಬೆರಳಿಟ್ಟು ನೋಡಿಕೊಂಡಳು. ಆಮೇಲೆ ಅದೇ ಬೆರಳನ್ನು ನನ್ನ ಮೂಗಿನ ಮೇಲಿಟ್ಟಳು.

ಎರಡೂ ತಣ್ಣಗಿದ್ದವು. ಅವಳು ಇಸ್ತ್ರಿ ಹಾಕಿದ ಬಟ್ಟೆ ಎತ್ತಿ ಪಕ್ಕದಲ್ಲಿ ನನಗೆ ಜಾಗ ಮಾಡಿದಳು.